ಕಾಣಿಕೆಯ ಲೆಕ್ಕ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಗಂಗಾವತಿಯ ಕಡೆ ಭಾನುವಾರ ಆರಾಧನೆಗೆ ಹೋಗುವ ಬಂಧುಗಳೇ, ನಿಮಗಾಗಿಯೇ ಮಾತನಾಡುತ್ತಿದ್ದೇನೆ. ಕ್ರೈಸ್ತ ಸಭೆಯ ಬೋಧಕನೊಬ್ಬ ಪ್ರಾಮಾಣಿಕನೋ ಅಲ್ಲವೋ ತಿಳಿಯುವುದು ಹೇಗೆ ಎಂದು ಆಕಾಶವಾಣಿಯವರು ಕೇಳಿದ್ದಾರೆ. ನನ್ನ ಉತ್ತರ ಒಂದೇ: ಕಾಣಿಕೆಯ ಲೆಕ್ಕ ಕೇಳಿ.

ಯೇಸುವಿನ ಅಪೊಸ್ತಲ ಪೌಲನ ಸಂಗತಿ ಹೇಳುತ್ತೇನೆ. ನನಗೆ ಬಹಳ ಇಷ್ಟವಾದದ್ದು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವನು ಸಭೆಗಳಿಂದ ಹಣ ಕೂಡಿಸುತ್ತಿದ್ದ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಕೊರಿಂಥ ಪಟ್ಟಣದ ಸಭೆಯವರಿಗೆ ಅವನು ಬರೆದ ಮೊದಲ ಪತ್ರದ 16ನೆಯ ಅಧ್ಯಾಯ ತೆರೆಯಿರಿ. ವಾರದ ಮೊದಲ ದಿನ ಸಂಪಾದನೆಗೆ ತಕ್ಕಷ್ಟು ನೀವೇ ತೆಗೆದಿಡಿ, ನಾನು ಬಂದಾಗ ವಸೂಲಿ ಬೇಡ ಎನ್ನುತ್ತಾನೆ. ಜನರನ್ನು ಅಳಿಸಿ, ಕೈ ಎತ್ತಿಸಿ ಹಣ ಕೇಳುವ ದಾರಿಯನ್ನು ತಾನೇ ಮುಚ್ಚಿಕೊಂಡ! ಹಣ ಒಯ್ಯುವವರನ್ನೂ ನೀವೇ ಆರಿಸಿ ಎಂದ. ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ಪೌಲನ ಜೊತೆಗೆಲಸಗಾರ ತೀತನ ಜೊತೆಗೆ ಸಭೆಗಳೇ ನೇಮಿಸಿದ ಸಹೋದರನೊಬ್ಬ ಹೊರಡುತ್ತಾನೆ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು, ಕರ್ತನ ಮುಂದೆ ಸರಿಯಿದ್ದಂತೆ ಮನುಷ್ಯರ ಮುಂದೆಯೂ ಸರಿಯಿರಬೇಕು ಎಂಬುದು ಪೌಲನ ಹಟ. ಕೊನೆಗೆ ಯೆರೂಸಲೇಮಿನ ದಾರಿ ಹಿಡಿದಾಗ ಜೊತೆಗಿದ್ದವರ ಹೆಸರುಗಳು ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದಲ್ಲಿವೆ. ಎಣಿಸಿ ನೋಡಿ, ಏಳು ಜನ. ಬೆರೋಯ, ಥೆಸಲೋನಿಕ, ದೆರ್ಬೆ, ಆಸ್ಯ ಎಂದು ಬೇರೆ ಬೇರೆ ಕಡೆಯವರು. ಗುಡಾರ ಹೊಲಿದು ಬದುಕಿದ ಅಪೊಸ್ತಲನೇ ಹೀಗೆ ನಡೆದುಕೊಂಡಿರುವಾಗ, "ನಾನು ದೇವರಿಗೆ ಮಾತ್ರ ಲೆಕ್ಕ ಕೊಡುತ್ತೇನೆ" ಎನ್ನುವ ಪಾಸ್ಟರ್ ಅವನಿಗಿಂತ ದೊಡ್ಡವನೇ?

ಲೆಕ್ಕ ಕೇಳಿದರೆ "ಅಭಿಷಿಕ್ತನನ್ನು, ಅಂದರೆ ದೇವರು ಆರಿಸಿದವನನ್ನು, ಮುಟ್ಟಬೇಡಿ" ಎಂದು ಬಾಯಿ ಮುಚ್ಚಿಸುತ್ತಾರೆ. ಅದು 105ನೆಯ ಕೀರ್ತನೆಯ ಮಾತು. ಅಲ್ಲಿ ದೇವರು ಗದರಿಸುವುದು ಅಬ್ರಹಾಮನ ಮನೆತನಕ್ಕೆ ಕೇಡು ಬಗೆಯುವ ಅರಸರನ್ನು. ರಸೀದಿ ಕೇಳಿದ ಬಡ ವಿಧವೆಗೂ ಆ ವಚನಕ್ಕೂ ಏನು ಸಂಬಂಧ?

ಅಭಿಷೇಕದ ಎಣ್ಣೆಯನ್ನು ಮಾರುವವನು, ಕ್ಷಯದ ಮಾತ್ರೆ ನಿಲ್ಲಿಸು ಎನ್ನುವವನು, ಇವರ ಬಗ್ಗೆ ವಿವರಿಸಲು ಸಮಯವಿಲ್ಲ. ಅಂಥ ಸಭೆಯಿಂದ ಎದ್ದು ಬನ್ನಿ, ಮಾತ್ರೆ ಮಾತ್ರ ಬಿಡಬೇಡಿ.

ನಮಗೇನು ತಿಳಿಯುತ್ತದೆ ಎಂದು ಸುಮ್ಮನಿರಬೇಡಿ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಇದೇ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಸತ್ಯವೇದವನ್ನು ಅನುವಾದಿಸಿದರು. ಇಡೀ ಗ್ರಂಥ 1831ರಲ್ಲಿ ಅಚ್ಚಾಯಿತು. ಅಷ್ಟು ವರ್ಷ ದುಡಿದದ್ದು ನೀವು ಓದಲಿ ಎಂದು. ಓದಲು ಬಾರದಿದ್ದರೆ ಮಕ್ಕಳಿಂದ ಓದಿಸಿ.

ಈ ಭಾನುವಾರ ಆರಾಧನೆ ಮುಗಿದ ಮೇಲೆ ಖಜಾಂಚಿಯನ್ನು ಕೇಳಿ: ಕಳೆದ ತಿಂಗಳ ಕಾಣಿಕೆ ಎಷ್ಟು, ಖರ್ಚಾದದ್ದು ಯಾವುದಕ್ಕೆ, ಪುಸ್ತಕಕ್ಕೆ ಸಹಿ ಹಾಕಿದವರು ಯಾರು? ಖಜಾಂಚಿಯೇ ಇಲ್ಲ, ಎಲ್ಲವೂ ಪಾಸ್ಟರ್ ಮನೆಯವರ ಕೈಯಲ್ಲಿದೆ ಎಂದರೆ, ಲೆಕ್ಕ ಬರುವವರೆಗೆ ಕಾಣಿಕೆ ಹಾಕಬೇಡಿ. ನಮಸ್ಕಾರ.