ವಿಂಚೆಸ್ಟರ್ ನೆಲಮಾಳಿಗೆ ಮತ್ತು ಕತ್ತಲ ನೀರಿಗಿಳಿದ ವಾಕರ್

ನಮಸ್ಕಾರ. ಇವತ್ತು ಇಂಗ್ಲೆಂಡಿನ ವಿಂಚೆಸ್ಟರ್ ಕ್ಯಾಥೆಡ್ರಲ್ ಬಗ್ಗೆ ಮಾತಾಡೋಣ. ವಾಕೆಲಿನ್ ಎಂಬ ಬಿಷಪ್ 1079ರಲ್ಲಿ ಕಟ್ಟಲು ಶುರು ಮಾಡಿಸಿದ ಚರ್ಚು ಇದು. ಅದರ ಕೆಳಗೊಂದು ನೆಲಮಾಳಿಗೆ ಇದೆ. ಗಿಡ್ಡ ದಪ್ಪ ಕಂಬಗಳು, ಕಮಾನಿನ ಚಾವಣಿ. ಚಳಿಗಾಲ ಬಂದರೆ ನೆಲದಡಿಯ ನೀರು ಉಕ್ಕಿ ಇಡೀ ಮಾಳಿಗೆ ಕೊಳವಾಗುತ್ತದೆ.

ಆ ನೀರಲ್ಲಿ ಒಬ್ಬ ಮನುಷ್ಯ ಒಂಟಿಯಾಗಿ ನಿಂತಿರುತ್ತಾನೆ. ತಲೆ ಬಗ್ಗಿಸಿ, ಬೊಗಸೆಯಲ್ಲಿ ಹಿಡಿದ ನೀರನ್ನೇ ನೋಡುತ್ತಾ. ಸೀಸದ ಪ್ರತಿಮೆ ಅದು. ಶಿಲ್ಪಿ ಆಂಟನಿ ಗಾರ್ಮ್ಲಿ 1986ರಲ್ಲಿ ತನ್ನದೇ ಮೈಯ ಅಚ್ಚು ತೆಗೆದು ಮಾಡಿದ್ದು. ಗೊತ್ತಿಲ್ಲದೆ ಇಣುಕಿದವರ ಎದೆ ಒಂದು ಸಲ ಝಲ್ ಅನ್ನೋದು ಸಹಜ ಅಲ್ವಾ?

ಇಂಥ ಕಡೆ ದೆವ್ವದ ಕಥೆ ಹುಟ್ಟದೆ ಇರುವುದಿಲ್ಲ. ಆವರಣದಲ್ಲಿ ಒಬ್ಬ ಸನ್ಯಾಸಿ ಕುಂಟುತ್ತಾ ಹೋಗುವುದನ್ನು ಕಂಡೆವು ಎನ್ನುವವರಿದ್ದಾರೆ. 1957ರಲ್ಲಿ ಪ್ರವಾಸಿಯೊಬ್ಬರು ಒಳಗೆ ತೆಗೆದ ಫೋಟೋದಲ್ಲಿ ಹಳೇ ಕಾಲದ ಉಡುಪು ತೊಟ್ಟ 13 ಜನ ಕಂಡರು ಅನ್ನುವ ಮಾತೂ ಇದೆ. ಬೆನೆಡಿಕ್ಟೀನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು ಅಲ್ಲಿ ನೂರಾರು ವರ್ಷ ಬದುಕಿದ್ದಂತೂ ನಿಜ. ರಾಜ ಎಂಟನೇ ಹೆನ್ರಿ 1539ರಲ್ಲಿ ಅವರ ಮಠ ಮುಚ್ಚಿಸಿದ. ಹೀಗಾಗಿ ಆ ಮಾತುಗಳನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ನನ್ನ ತಕರಾರು ಬೇರೆ. ಕಥೆ ಹೇಳುವವರು ಸನ್ಯಾಸಿಯ ಹತ್ತಿರ ನಿಂತುಬಿಡುತ್ತಾರೆ. ಅದೇ ಕತ್ತಲೆಗೆ ದಿನಾ ಇಳಿದ ಒಬ್ಬ ನಿಜವಾದ ಮನುಷ್ಯನ ಹೆಸರೇ ಬರುವುದಿಲ್ಲ.

ಅವನ ಹೆಸರು ವಿಲಿಯಂ ವಾಕರ್. ಸಮುದ್ರದಲ್ಲಿ ಮುಳುಗಿ ಕೆಲಸ ಮಾಡುತ್ತಿದ್ದ ಡೈವರ್. 1900ರ ದಶಕದ ಶುರುವಿನಲ್ಲಿ ಈ ಚರ್ಚು ವಾಲತೊಡಗಿತು. ಗೋಡೆಗಳು ಬಿರುಕು ಬಿಟ್ಟವು. ಬುಡ ಅಗೆದು ನೋಡಿದರೆ ಪಾಯ ಅಂತ ಇದ್ದದ್ದು ಮರದ ದಿಮ್ಮಿಗಳು, ಅದರ ಕೆಳಗೆ ಮೆತ್ತಗಿನ ಜೌಗು ಮಣ್ಣು. ಗುಂಡಿ ತೋಡಿದ ತಕ್ಷಣ ನೀರು ತುಂಬುತ್ತಿತ್ತು. ಪಂಪ್ ಹಾಕಿ ಎಳೆದರೆ ಮಣ್ಣೂ ಜೊತೆಗೆ ಬಂದು ಗೋಡೆಯೇ ಕುಸಿಯುವ ಭಯ. ಆಗ ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್, ಡೈವರ್ ಕರೆಸಿ ಅಂದರು.

1906ರಿಂದ 1911ರವರೆಗೆ ವಾಕರ್ ಇಳಿದ. ದಿನಕ್ಕೆ ಸುಮಾರು 6 ಗಂಟೆ. 6 ಮೀಟರ್‌ವರೆಗೂ ಆಳ. ಕೆಸರು ಕಲಕಿದ ನೀರಲ್ಲಿ ಏನೂ ಕಾಣದು, ದೀಪ ಹಿಡಿದೂ ಪ್ರಯೋಜನವಿಲ್ಲ. ಸುತ್ತಲೂ ಶತಮಾನಗಳಿಂದ ಹೆಣ ಹೂಳಿದ ನೆಲ. ಅಲ್ಲಿ ಕೈಯಿಂದ ತಡವಿ ತಡವಿ ಗೋಡೆಯ ಬುಡಕ್ಕೆ ಕಾಂಕ್ರೀಟ್ ಚೀಲ ಜೋಡಿಸುತ್ತಿದ್ದ. ಅವನು ತಳ ಮುಚ್ಚಿದ ಮೇಲೆ ನೀರು ತೆಗೆದು, ಬೇರೆಯವರು ಇಟ್ಟಿಗೆ ಕಟ್ಟುತ್ತಿದ್ದರು. ಕೊನೆಗೆ ಲೆಕ್ಕ ಹಾಕಿದರೆ 25,000ಕ್ಕೂ ಜಾಸ್ತಿ ಚೀಲ, ಸುಮಾರು 9 ಲಕ್ಷ ಇಟ್ಟಿಗೆ! ಊಟದ ಹೊತ್ತಿಗೆ ಮೇಲೆ ಬಂದು ಹೆಲ್ಮೆಟ್ ಮಾತ್ರ ತೆಗೆಯುತ್ತಿದ್ದ. ಆ ಭಾರದ ಸೂಟ್ ಬಿಚ್ಚಿ ಹಾಕಲು ಹೊತ್ತೆಲ್ಲಿ? ಮೈಮೇಲೆ ಅದಿರುವಾಗಲೇ ಪೈಪ್ ಹಚ್ಚುತ್ತಿದ್ದ. ರಜೆ ಸಿಕ್ಕರೆ ಸೈಕಲ್ ಹತ್ತಿ ಲಂಡನ್ ಕಡೆಯ ಮನೆಗೆ ಹೊರಡುತ್ತಿದ್ದ.

ಚರ್ಚು ಉಳಿದದ್ದಕ್ಕೆ 1912ರ ಜುಲೈ 15ರಂದು ರಾಜ ಐದನೇ ಜಾರ್ಜ್ ಬಂದ ದೊಡ್ಡ ಪ್ರಾರ್ಥನೆ ನಡೆಯಿತು. ವಾಕರ್‌ಗೆ ಗೌರವವೂ ಸಿಕ್ಕಿತು. 1918ರಲ್ಲಿ ಸ್ಪ್ಯಾನಿಷ್ ಫ್ಲೂ ಬಂದು ವಾಕರ್ ತೀರಿಹೋದ.

ನನಗೆ ತುಂಬಾ ನೋವು ಕೊಡುವ ಸಂಗತಿ ಆಮೇಲಿನದು. 1964ರಲ್ಲಿ ಅವನ ಪುಟ್ಟ ಪ್ರತಿಮೆ ಇಟ್ಟರು. ಹೆಸರು ವಾಕರ್‌ನದು, ಮುಖ ಎಂಜಿನಿಯರ್ ಫಾಕ್ಸ್‌ನದು! ಶಿಲ್ಪಿಯ ಕೈಗೆ ಬಂದ ಫೋಟೋದಲ್ಲಿ ಯಾರು ಯಾರೆಂದು ಅದಲುಬದಲಾಗಿತ್ತು. ಸರಿಯಾದ ಮುಖದ ಪ್ರತಿಮೆ ಬರಲು 2001 ಆಗಬೇಕಾಯಿತು. ಯಾರೂ ಹತ್ತಿರದಿಂದ ನೋಡದ ಸನ್ಯಾಸಿಯ ನಡಿಗೆ ಜನರ ಬಾಯಲ್ಲಿ ಉಳಿಯಿತು. ಚರ್ಚು ಉಳಿಸಿದವನ ಮುಖ ಮಾತ್ರ 37 ವರ್ಷ ತಪ್ಪಾಗಿ ನಿಂತಿತ್ತು.

ಮುಂದಿನ ಸಲ ಆ ನೆಲಮಾಳಿಗೆಯ ವಿಡಿಯೋ ನೋಡುವಾಗ, ಸೀಸದ ಮನುಷ್ಯನನ್ನು ದಾಟಿ ಗೋಡೆಯ ಬುಡ ನೋಡಿ. ಆ ಕಲ್ಲುಗಳ ಹಿಂದೆ ಎಲ್ಲೋ ಕೆಳಗೆ ವಾಕರ್ ಕತ್ತಲಲ್ಲಿ ತಡವಿಟ್ಟ ಚೀಲಗಳು ಈಗಲೂ ಭಾರ ಹೊತ್ತಿವೆ.