ಐ7 ಸರಿ, ಯಾವ ಕಾಲದ್ದು?

ಕೇಳುಗರೇ, ನಮಸ್ಕಾರ.

ನಮ್ಮ ಕಾಸರಗೋಡಿನ ಕಡೆ ಮಂಡಿಗೆ ಹೋಗಿ ಸುಮ್ನೆ ‘ಅಡಿಕೆ ಉಂಟು’ ಎಂದರೆ ಯಾರೂ ರೇಟು ಹೇಳುವುದಿಲ್ಲ. ಹೊಸತೋ, ಹಳತೋ, ಡಬಲ್ ಚೋಲೋ ಎಂದು ಮೊದಲು ಕೇಳುತ್ತಾರೆ. ಚಾಲಿ ಅಡಿಕೆಯಲ್ಲಿ ವರ್ಷ ಕಳೆದದ್ದಕ್ಕೆ ಬೆಲೆ ಜಾಸ್ತಿ. ಕಂಪ್ಯೂಟರಿನ ಮಿದುಳಿನಂತಿರುವ ಪ್ರೊಸೆಸರಿನಲ್ಲಿ ಇದು ತಿರುಗಾಮುರುಗಾ. ಆದರೆ ಅಲ್ಲಿ ವರ್ಷ ಕೇಳುವವರೇ ಕಡಿಮೆ.

ನಾನೂ ಕೇಳಿರಲಿಲ್ಲ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಪ್ಲಸ್ ವನ್ ಸೇರಿದ ವರ್ಷ, ಓಣಂ ಆಫರಿನ ಹೊತ್ತಿಗೆ, ಪೇಟೆಯ ಒಂದು ಅಂಗಡಿಯಿಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆ. ‘ಇದು ಐ7, ಐ3 ಯಾಕೆ ನಿಮಗೆ’ ಎಂದಿದ್ದರು ಅಂಗಡಿಯವರು. ಮನೆಯಲ್ಲಿ ವಿಂಡೋಸ್ 11 ಹಾಕಲು ಹೊರಟರೆ ಈ ಪ್ರೊಸೆಸರಿಗೆ ಆಗುವುದಿಲ್ಲ ಎಂದು ಬಂತು. ಆಗಲೇ ನಾನು ಪೂರ್ತಿ ನಂಬರ್ ಓದಿದ್ದು. ಐ7-7500ಯು.

ಹೇಳಬೇಕಾದ್ದೆಲ್ಲ ಆ ನಂಬರಿನಲ್ಲೇ ಇತ್ತು. ಇಂಟೆಲ್ ಕಂಪನಿಯ ಪ್ರೊಸೆಸರುಗಳಲ್ಲಿ ಐ3, ಐ5, ಐ7 ಎಂಬುದು ಆಯಾ ತಲೆಮಾರಿನ ಒಳಗಿನ ದರ್ಜೆ ಮಾತ್ರ. ತಲೆಮಾರು ಗೊತ್ತಾಗುವುದು ಅದರ ಮುಂದಿನ ಅಂಕಿಯಿಂದ. 7500 ಎಂದರೆ 7ನೇ ತಲೆಮಾರು, 1215 ಎಂದರೆ 12ನೆಯದು. ನಾನು ತಂದದ್ದು 2016ರ ಪ್ರೊಸೆಸರ್. ಹೆಸರಿಗೆ ಐ7, ಒಳಗೆ ಎರಡೇ ಕೋರ್. ಮರುವರ್ಷ ಬಂದ ಐ5-8250ಯುಗೆ ನಾಲ್ಕು ಕೋರ್. 2022ರ ಐ3-1215ಯುಗೆ ಆರು! ಆರರಲ್ಲಿ ಎರಡು ಜೋರಿನವು, ನಾಲ್ಕು ಕರೆಂಟು ಉಳಿಸುವ ಚಿಕ್ಕವು. ಹಾಗಿದ್ದರೂ ನನ್ನ ಹಳೆ ಐ7ಗಿಂತ ಅದು ಎಷ್ಟೋ ಮುಂದೆ.

ಕೋರ್ ಎಂದರೆ ಅಡಿಕೆ ಸುಲಿಯಲು ಕೂತ ಆಳುಗಳ ಹಾಗೆ. ಇಬ್ಬರು ಕೂತರೆ ಒಂದು ಲೆಕ್ಕ, ನಾಲ್ವರು ಕೂತರೆ ಇನ್ನೊಂದು. ಆದರೆ ಒಂದೇ ಅಡಿಕೆಯನ್ನು ನಾಲ್ವರು ಸೇರಿ ಸುಲಿಯಲು ಆಗುವುದಿಲ್ಲ ಅಲ್ವಾ? ಕಂಪ್ಯೂಟರಿನಲ್ಲೂ ಹಂಚಲಾಗದ ಕೆಲಸಗಳಿವೆ. ಅಲ್ಲಿ ಒಂದೊಂದು ಕೋರಿನ ಚುರುಕು ಮುಖ್ಯ. ಅದೂ ಹೊಸ ತಲೆಮಾರಿನಲ್ಲಿ ಸಾಮಾನ್ಯವಾಗಿ ಹೆಚ್ಚು.

ಎಎಂಡಿ ಕಂಪನಿಯ ರೈಜನ್ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ರೈಜನ್ 5 7520ಯು, ರೈಜನ್ 5 7530ಯು. ಕೇಳಲು ಅವಳಿ ಮಕ್ಕಳ ಹಾಗಿವೆ. ಈ 7000ದ ಸಾಲಿನಲ್ಲಿ ನೋಡಬೇಕಾದ್ದು ಮೂರನೇ ಅಂಕಿ. 2 ಇದ್ದರೆ ಝೆನ್ 2, ಅಂದರೆ 2019ರಲ್ಲಿ ಬಂದ ವಿನ್ಯಾಸ. 3 ಇದ್ದರೆ 2020ರ ಝೆನ್ 3. ಮೊದಲನೆಯದಕ್ಕೆ ನಾಲ್ಕು ಕೋರ್, ಎರಡನೆಯದಕ್ಕೆ ಆರು. ಇಷ್ಟು ವ್ಯತ್ಯಾಸವನ್ನು ಒಂದು ಅಂಕಿಯೊಳಗೆ ಅಡಗಿಸಿಟ್ಟದ್ದು ನನಗೆ ಸರಿ ಕಾಣುವುದಿಲ್ಲ. ಇಂಟೆಲ್ ಕೂಡ ಈಗ ಹೊಸ ಹೆಸರುಗಳಲ್ಲಿ ‘ಐ’ ಬಿಟ್ಟಿದೆ. ಕೋರ್ ಅಲ್ಟ್ರಾ 5 ಬೇರೆ, ಬರೀ ಕೋರ್ 5 ಬೇರೆ. ಕೋರ್ 5 120ಯು ಒಳಗಿರುವುದು ಹಿಂದಿನ 13ನೇ ತಲೆಮಾರಿನ ವಿನ್ಯಾಸವೇ.

ಕೊನೆಯ ಅಕ್ಷರವನ್ನೂ ಬಿಡಬೇಡಿ. ಯು ಎಂದರೆ ಕಡಿಮೆ ಕರೆಂಟಿನದು, ಹೆಚ್ಚಾಗಿ 15 ವಾಟ್. ಎಚ್ ಎಂದರೆ 45 ವಾಟ್ ಆಸುಪಾಸಿನದು. ಜೋರು ಜಾಸ್ತಿ, ಬಿಸಿಯೂ ಜಾಸ್ತಿ. ವಿಡಿಯೊ ಎಡಿಟಿಂಗ್ ಮಾಡುವವರಿಗೆ ಎಚ್ ಬೇಕು. ಓದು, ಬರಹ, ಆನ್‌ಲೈನ್ ಕ್ಲಾಸಿಗೆ ಯು ಸಾಕು. ಆಟಿಯ ಮಳೆಗೆ ಮರ ಬಿದ್ದು ದಿನವಿಡೀ ಕರೆಂಟು ಇಲ್ಲದ ನಮ್ಮ ಊರುಗಳಿಗೆ ಯು ವಾಸಿ ಎಂದೇ ನಾನು ಹೇಳುತ್ತೇನೆ. ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಹಳತು ತೆಗೆದುಕೊಳ್ಳಲೇಬಾರದು ಎಂದಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ಇಂಟೆಲಿನ 8ನೇ ತಲೆಮಾರು ಅಥವಾ ಅದರಿಂದ ಈಚಿನದನ್ನು ನೋಡಿ. ಆದರೆ ನಮ್ಮ ಕೇರಳದ ಮಕ್ಕಳು ಶಾಲೆಯಲ್ಲಿ ಕಲಿಯುವುದು ವಿಂಡೋಸ್ ಬದಲಿಗೆ ಹಾಕುವ ಕೈಟ್ ಗ್ನೂ ಲಿನಕ್ಸ್ ಅಲ್ವಾ? ಮಗಳು ಅದನ್ನೇ ಆ ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಈಗಲೂ ಓಡುತ್ತಿದೆ. ಐ7ರ ಹೆಸರಿಗೆ ಕೊಟ್ಟ ದುಡ್ಡು ಮಾತ್ರ ಹೋಯಿತು.

ಅಂಗಡಿಯಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು. ಪೂರ್ತಿ ಹೆಸರೂ ಕೋರುಗಳ ಲೆಕ್ಕವೂ ಅಲ್ಲೇ ಕಾಣುತ್ತದೆ. ಅದನ್ನು ಅಕ್ಷರ ಬಿಡದೆ ಬಿಲ್ಲಿನಲ್ಲಿ ಬರೆಸಿ. ‘ಐ5 ಲ್ಯಾಪ್‌ಟಾಪ್’ ಎಂದಷ್ಟೇ ಬರೆದುಕೊಟ್ಟರೆ ಬಿಲ್ಲು ವಾಪಸ್ ಕೊಟ್ಟು ಇನ್ನೊಮ್ಮೆ ಬರೆಸಿ.

ನಮಸ್ಕಾರ.