ಮುಂದಿನ ನಿಲ್ದಾಣ

ನೀವೀಗ ನೋಡುತ್ತಿರುವುದು, ಬೆಂಗಳೂರಿನಲ್ಲಿ ನಾನು ಆಟಿಸಂ ಇರುವ ಮಕ್ಕಳಿಗೆ ಒಬ್ಬೊಬ್ಬರಿಗೇ ಕಲಿಸುವ ಕೋಣೆ. ಒಂದು ಚಾಪೆ, ಎರಡು ಪುಟ್ಟ ಕುರ್ಚಿ, ಉಯ್ಯಾಲೆ, ನೀರಿನ ಟಬ್, ಗೋಡೆಯ ಮೇಲೆ ದಿನಚರಿಯ ಚಿತ್ರಗಳು. ಮಕ್ಕಳನ್ನು ನಾನು ಕ್ಯಾಮೆರಾದ ಮುಂದೆ ತರುವುದಿಲ್ಲವಾದ್ದರಿಂದ ಕೋಣೆ ಖಾಲಿಯಾಗಿದೆ.

ಆರು ವರ್ಷದ ಹುಡುಗನೊಬ್ಬ ಇಲ್ಲಿಗೆ ಬರಲಾರಂಭಿಸಿದಾಗ ಅವನ ಬಾಯಲ್ಲಿದ್ದದ್ದು ಬಹುಮಟ್ಟಿಗೆ ಒಂದೇ ಮಾತು: ನಮ್ಮ ಮೆಟ್ರೋದಲ್ಲಿ ಕೇಳಿಬರುವ ‘ಮುಂದಿನ ನಿಲ್ದಾಣ’. ಧ್ವನಿಯ ಏರಿಳಿತವೂ ರೈಲಿನದ್ದೇ. ಕೇಳಿದ್ದನ್ನು ಹೀಗೆ ಮರುನುಡಿಯುವುದಕ್ಕೆ ಎಕೋಲಾಲಿಯಾ ಎನ್ನುತ್ತಾರೆ. 1943ರಲ್ಲಿ 11 ಮಕ್ಕಳ ವೃತ್ತಾಂತದೊಂದಿಗೆ ಆಟಿಸಂ ಕುರಿತು ಬರೆದ ವೈದ್ಯ ಲಿಯೋ ಕ್ಯಾನರ್ ಇದನ್ನು ಗುರುತಿಸಿದ್ದರು. ಅಸಂಬದ್ಧವೆಂದು ತೋರುವ ಇಂಥ ಮಾತುಗಳ ಬೇರು ಮಗುವಿನ ಯಾವುದೋ ಅನುಭವದಲ್ಲಿರುತ್ತದೆ ಎಂದು 1946ರ ಮತ್ತೊಂದು ಲೇಖನದಲ್ಲಿ ವಿವರಿಸಿದರು. ಇದನ್ನೆಲ್ಲ ಓದಿಯೂ ನಾನು ಮೂರು ವಾರ ಆ ಮಾತನ್ನು ಪಾಠಕ್ಕೆ ಅಡ್ಡಿಯೆಂದೇ ಭಾವಿಸಿದ್ದೆ ಎಂಬುದನ್ನು ಸಂಕೋಚದಿಂದ ಹೇಳಬೇಕಾಗಿದೆ.

ನಲವತ್ತೈದು ನಿಮಿಷ ಎದುರಿಗೆ ಒಂದೇ ಮಗು ಇದ್ದರೆ, ಹತ್ತು ಮಕ್ಕಳ ತರಗತಿಯ ಗದ್ದಲದಲ್ಲಿ ಕಳೆದುಹೋಗಬಹುದಾದ ಮಾತೊಂದು ಯಾವ ಕ್ಷಣದಲ್ಲಿ ಬಂತು, ಆಗ ಕೈ ಏನು ಮಾಡುತ್ತಿತ್ತು, ಕಣ್ಣು ಎತ್ತ ಹೊರಳಿತು ಎಂಬುದನ್ನು ಬರೆದಿಟ್ಟುಕೊಳ್ಳುವಷ್ಟು ವ್ಯವಧಾನ ಸಿಗುತ್ತದೆ. ಅಂಥ ಟಿಪ್ಪಣಿಗಳನ್ನು ಜೋಡಿಸಿ ನೋಡಿದಾಗ, ಮಾಡುತ್ತಿರುವ ಕೆಲಸ ಸಾಕೆನಿಸಿದಾಗಲೆಲ್ಲ ಅವನು ಮುಂದಿನ ನಿಲ್ದಾಣವನ್ನು ಕೇಳುತ್ತಿದ್ದ ಎಂಬುದು ತಿಳಿಯಿತು. ‘ಊಟ ಸಾಕಾದಾಗಲೂ ಹಾಗೇ ಅಂತಾನೆ ಮೇಡಂ’ ಎಂದರು ಅವನ ತಾಯಿ.

ಮರುದಿನ ಅವನು ಅದನ್ನು ಹೇಳಿದ ಕೂಡಲೇ, ಪೋಣಿಸುತ್ತಿದ್ದ ಮಣಿಗಳನ್ನು ಎತ್ತಿಟ್ಟು, ‘ಮುಂದಿನ ನಿಲ್ದಾಣ, ಉಯ್ಯಾಲೆ’ ಎಂದೆ. ಅವನು ನಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ಹೋಗಿ ಉಯ್ಯಾಲೆಯಲ್ಲಿ ಕುಳಿತ. ಮಗು ಕಣ್ಣಿಗೆ ಕಣ್ಣು ಕೊಡಲೇಬೇಕೆಂದು ಹಟ ಹಿಡಿಯುವವರಿಗೆ ಇದು ಅಲ್ಪವಾಗಿ ಕಂಡೀತು. ನನಗಂತೂ ಮೂರು ವಾರಗಳಿಂದ ಅವನು ಕೇಳುತ್ತಿದ್ದುದಕ್ಕೆ ಮೊದಲ ಬಾರಿ ಸರಿಯಾದ ಉತ್ತರ ಕೊಟ್ಟ ಸಮಾಧಾನ.

ಕಳೆದ ವಾರ ನೀರಾಟ ಮುಗಿಸಲೆಂದು ನಾನೇ ‘ಮುಂದಿನ ನಿಲ್ದಾಣ’ ಎಂದಾಗ, ಅವನು ಟಬ್‌ನಿಂದ ಕೈ ತೆಗೆಯದೆ ‘ಮುಂದಿನ ನಿಲ್ದಾಣ ಬೇಡ’ ಎಂದ. ಕೊನೆಯ ಪದ ಅವನದ್ದೇ. ಆ ದಿನದ ಪಾಠ ಹತ್ತು ನಿಮಿಷ ತಡವಾಗಿ ಮುಗಿಯಿತು; ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನೊಂದು ಮಗುವಿನ ತಾಯಿಯ ಕ್ಷಮೆ ಕೇಳಿ, ನೆಲದ ಮೇಲಿನ ನೀರನ್ನು ಒರೆಸಿದೆ.